ಸ್ಟೋರಿ ಮ್ಯಾಪ್, ಬ್ಯಾಕ್‌ಲಾಗ್, ಗ್ಯಾಂಟ್, ಕಾನ್ಬಾನ್: ನಿಮ್ಮ ಪ್ರಾಜೆಕ್ಟ್‌ಗೆ ಯಾವುದು ಹೊಂದುತ್ತದೆ?

ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡದವರು ನಾಲ್ಕು ಜನ ಸೇರಿದರೆ ಈಗೀಗ ಪ್ರಾಜೆಕ್ಟನ್ನು ಯಾವ ವಿಧಾನದಲ್ಲಿ ಪ್ಲಾನ್ ಮಾಡಬೇಕು ಅನ್ನುವ ಮಾತು ಬಂದೇ ಬರುತ್ತದೆ. ಹಿಂಜವಡಿಯ ಸರ್ವಿಸ್ ಕಂಪನಿಯವರು ಹೇಳುವುದು ಹೀಗೆ: ಕ್ಲೈಂಟ್‌ಗೆ ಗ್ಯಾಂಟ್ ಚಾರ್ಟ್ ಬೇಕು, ಟೀಮ್‌ನ ಕೆಲಸದ ರೀತಿ ನೋಡಿಕೊಳ್ಳುವ ಸ್ಕ್ರಮ್ ಮಾಸ್ಟರ್‌ಗೆ ಸ್ಟೋರಿ ಮ್ಯಾಪ್ ಬೇಕು, ಕೆಲಸಗಳ ಲೆಕ್ಕ ಇಡುವ ಜೀರಾ ಸಾಫ್ಟ್‌ವೇರ್‌ನಲ್ಲಿ ಆಗಲೇ ನೂರಾರು ಟಿಕೆಟ್ (ಒಂದೊಂದು ಕೆಲಸಕ್ಕೆ ಒಂದೊಂದು ನಮೂದು) ಬಿದ್ದಿವೆ. ಬಾಣೇರ್‌ನ ಸ್ಟಾರ್ಟಪ್‌ನವರ ತಾಪತ್ರಯ ಬೇರೆ. ಕೈಯಲ್ಲಿ ಇರುವ ದುಡ್ಡು ಮೂರು ತಿಂಗಳಿಗೆ ಸಾಕು, ಮಾಡಬೇಕಾದ ಕೆಲಸ ಒಂದು ವರ್ಷದ್ದು. ಇನ್ನು ಇಬ್ಬರೇ ಗೆಳೆಯರು ಸೇರಿ ಅಂಗಡಿ, ಹೋಟೆಲ್‌ಗಳಿಗೆ ಆಪ್ ಮಾಡಿಕೊಡುವವರಿಗೆ ಇದೆಲ್ಲ ಬೇಕಾ, ಒಂದು ಎಕ್ಸೆಲ್ ಶೀಟ್ ಸಾಕಲ್ವಾ ಅನ್ನುವ ಅನುಮಾನ.

ಮೂವರ ಪ್ರಶ್ನೆಗೂ ಒಂದೇ ಉತ್ತರ ಇಲ್ಲ. ಆದರೆ ಉತ್ತರ ಹುಡುಕುವ ದಾರಿ ಒಂದೇ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ಯಾವ ವಿಧಾನ ಒಳ್ಳೆಯದು ಅಂತ ಕೇಳುವ ಮೊದಲು, ನಿಮ್ಮ ಟೀಮ್ ಯಾವ ಪ್ರಶ್ನೆಗೆ ಒದ್ದಾಡುತ್ತಿದೆ ಅಂತ ನೋಡಿ. ನಾನು ಕಂಡ ಹಾಗೆ ಪ್ರಶ್ನೆಗಳು ನಾಲ್ಕೇ. "ಮೊದಲ ರಿಲೀಸ್‌ನಲ್ಲಿ ಏನನ್ನು ಬಿಡಬಹುದು?" "ಯಾವ ತಾರೀಖಿಗೆ ಮುಗಿಯುತ್ತದೆ?" "ಇವತ್ತು ಯಾವ ಕೆಲಸ ಎತ್ತಿಕೊಳ್ಳಲಿ?" "ಇದನ್ನು ಮಾಡಲೇಬೇಕಾ?" ಮೇಲ್ನೋಟಕ್ಕೆ ಎಲ್ಲವೂ ಪ್ಲಾನಿಂಗ್ ಪ್ರಶ್ನೆಗಳೇ. ಆದರೆ ಒಂದಕ್ಕೆ ಉತ್ತರ ಕೊಡುವ ಚಾರ್ಟ್ ಇನ್ನೊಂದಕ್ಕೆ ಕೊಡುವುದಿಲ್ಲ. ಅರ್ಧ ಜಗಳ ಹುಟ್ಟುವುದೇ ಇಲ್ಲಿ.

ಎರಡನೆಯದು, ಆ ಪ್ಲಾನನ್ನು ಓದುವವರು ಯಾರು? ಡೆವಲಪರ್ ಮಾತ್ರ ಓದಿದರೆ ಟಿಕೆಟ್ ಪಟ್ಟಿ ಸಾಕು. ದುಡ್ಡು ಹಾಕಿದವರು, ಆಪ್ ಬಳಸುವವರು ಓದಬೇಕು ಅಂದರೆ ಟಿಕೆಟ್ ನಂಬರ್‌ಗಳಿಂದ ಅವರಿಗೆ ಏನೂ ತಿಳಿಯುವುದಿಲ್ಲ.

ಮೂರನೆಯದು, ಬೇಡಿಕೆಗಳು ಎಷ್ಟು ಬೇಗ ಬದಲಾಗುತ್ತವೆ. ನಾಲ್ಕನೆಯದು, ಪ್ಲಾನನ್ನು ತಾಜಾ ಇಡುವ ಕೆಲಸ ಯಾರ ತಲೆಗೆ ಬೀಳುತ್ತದೆ. ಇದನ್ನು ಯಾರೂ ಮೊದಲೇ ಕೇಳುವುದಿಲ್ಲ, ಆಮೇಲೆ ಎಲ್ಲರೂ ಕಷ್ಟಪಡುತ್ತಾರೆ. ಕೊನೆಗೆ ದುಡ್ಡು, ಜಾಗ. ಎಲ್ಲರೂ ಒಂದೇ ಆಫೀಸಿನಲ್ಲಿ ಕೂರುತ್ತೀರಾ ಅಥವಾ ಅರ್ಧ ಟೀಮ್ ವಾಕಡ್‌ನಲ್ಲಿ ಮನೆಯಿಂದ, ಇನ್ನರ್ಧ ಬೆಂಗಳೂರಿನಿಂದ ಕೆಲಸ ಮಾಡುತ್ತಾ?

ಒಂದು ಉದಾಹರಣೆ ಇಟ್ಟುಕೊಳ್ಳೋಣ

ಸುಮ್ನೆ ಸಿದ್ಧಾಂತ ಹೇಳಿದರೆ ತಲೆಗೆ ಹತ್ತುವುದಿಲ್ಲ. ಕೊಥ್ರೂಡ್‌ನಲ್ಲಿ ಉತ್ತರ ಕರ್ನಾಟಕದವರೊಬ್ಬರು ಖಾನಾವಳಿ ನಡೆಸುತ್ತಾರೆ ಅಂದುಕೊಳ್ಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅಲ್ಲೇ ಕೂತು ಉಣ್ಣುವವರ ಜೊತೆಗೆ ತಿಂಗಳ ಲೆಕ್ಕದಲ್ಲಿ ಡಬ್ಬಿ ತರಿಸಿಕೊಳ್ಳುವ ಹುಡುಗರೂ ಇದ್ದಾರೆ. ಅವರಿಗೊಂದು ಆಪ್ ಬೇಕಂತೆ. ಯಾರು ಯಾವ ದಿನ ಡಬ್ಬಿ ತಗೊಂಡರು, ಯಾರು ಬೇಡ ಅಂದರು, ತಿಂಗಳ ಕೊನೆಗೆ ಎಷ್ಟಾಯಿತು, ಇದೆಲ್ಲ ಈಗ ಒಂದು ನೋಟ್‌ಬುಕ್ ಮತ್ತು ವಾಟ್ಸಾಪ್‌ನಲ್ಲಿ ನಡೆಯುತ್ತಿದೆ.

ಇದೇ ಕೆಲಸವನ್ನು ಬೇರೆ ಬೇರೆ ವಿಧಾನದಲ್ಲಿ ಪ್ಲಾನ್ ಮಾಡಿದರೆ ಏನಾಗುತ್ತದೆ ನೋಡೋಣ.

ಬ್ಯಾಕ್‌ಲಾಗ್: ಒಂದರ ಕೆಳಗೊಂದು

ಎಲ್ಲರಿಗೂ ಗೊತ್ತಿರುವುದು ಇದು. ಕೆಲಸಗಳ ಪಟ್ಟಿ, ಮೇಲಿದ್ದದ್ದು ಮೊದಲು. ಸ್ಕ್ರಮ್ ಅನ್ನುವ ಕೆಲಸದ ಪದ್ಧತಿಯಲ್ಲಿ ಇದಕ್ಕೆ ಪ್ರಾಡಕ್ಟ್ ಬ್ಯಾಕ್‌ಲಾಗ್ ಅನ್ನುತ್ತಾರೆ. ಖರ್ಚು ಕಮ್ಮಿ, ಶುರು ಮಾಡಲು ಹತ್ತು ನಿಮಿಷ ಸಾಕು. ಗೂಗಲ್ ಶೀಟ್ ಇದ್ದರೂ ನಡೆಯುತ್ತದೆ. ಜೀರಾ ಕೂಡ 10 ಜನರವರೆಗಿನ ಟೀಮ್‌ಗೆ ಉಚಿತ.

ನಮ್ಮ ಡಬ್ಬಿ ಆಪ್‌ಗೆ ಪಟ್ಟಿ ಬರೆದರೆ ಸಾಮಾನ್ಯವಾಗಿ ಹೀಗೆ ಬರುತ್ತದೆ: ಲಾಗಿನ್, ಒಟಿಪಿ, ಪ್ರೊಫೈಲ್, ಮೆನು ತೋರಿಸುವುದು, ಪ್ಲಾನ್ ಆರಿಸುವುದು, ಪೇಮೆಂಟ್ ಗೇಟ್‌ವೇ, ಡೆಲಿವರಿ ಟ್ರ್ಯಾಕಿಂಗ್, ರೇಟಿಂಗ್, ಡಬ್ಬಿ ರಜೆ, ರಿಪೋರ್ಟ್. ನೋಡಿ, ಲಾಗಿನ್ ಮೇಲೆ ಬಂದು ಕೂತಿದೆ. ಯಾಕೆ? ಬರೆಯುವವನಿಗೆ ಅದು ಮೊದಲು ನೆನಪಾಯಿತು, ಅಷ್ಟೇ. ಡಬ್ಬಿ ರಜೆ ಎಲ್ಲೋ ಕೆಳಗೆ. ಪಟ್ಟಿಯಲ್ಲಿ ಪ್ರತಿಯೊಂದೂ ಒಂಟಿ. ಯಾವುದು ಯಾವುದಕ್ಕೆ ಸೇರಿದ್ದು, ಯಾವುದನ್ನು ತೆಗೆದರೆ ಇಡೀ ಆಪ್ ಕುಂಟುತ್ತದೆ, ಇದು ಪಟ್ಟಿಯಲ್ಲಿ ಕಾಣುವುದೇ ಇಲ್ಲ. "ಮಸ್ಟ್, ಶುಡ್, ಕುಡ್" (ಬೇಕೇ ಬೇಕು, ಇರಬೇಕಿತ್ತು, ಇದ್ದರೆ ಇರಲಿ) ಅಂತ ಲೇಬಲ್ ಹಚ್ಚಿದರೂ ಅಷ್ಟೇ. ಮಾಲೀಕರ ಮುಂದೆ ಇಟ್ಟರೆ ಎಲ್ಲದಕ್ಕೂ ಮಸ್ಟ್ ಅನ್ನುತ್ತಾರೆ.

ಹಾಗಂತ ಬ್ಯಾಕ್‌ಲಾಗ್ ಕೆಟ್ಟದ್ದಲ್ಲ. ಪ್ರಾಡಕ್ಟ್ ಆಗಲೇ ಓಡುತ್ತಿದೆ, ಟೀಮ್‌ಗೆ ಅದರ ಮೂಲೆ ಮೂಲೆಯೂ ಗೊತ್ತು, ಬರುವ ಕೆಲಸ ಸಣ್ಣ ಸಣ್ಣ ಸುಧಾರಣೆಗಳು ಅಂದರೆ ಪಟ್ಟಿಗಿಂತ ಹೆಚ್ಚಿನದೇನೂ ಬೇಡ. ಹೊಸದಾಗಿ ಕಟ್ಟುವಾಗ ಮಾತ್ರ ಅದೊಂದನ್ನೇ ನಂಬಬೇಡಿ.

ಸ್ಟೋರಿ ಮ್ಯಾಪ್: ಅಡ್ಡಕ್ಕೆ ಕಥೆ, ಕೆಳಕ್ಕೆ ವಿವರ

ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ. ಯಾಕೆಂದರೆ ಹೆಚ್ಚಿನವರು ಕೇಳುವುದು ಇದನ್ನೇ, ತಪ್ಪಾಗಿ ಮಾಡುವುದೂ ಇದನ್ನೇ.

ಯೂಸರ್ ಸ್ಟೋರಿ, ಅಂದರೆ ಬಳಸುವವರಿಗೆ ಏನು ಬೇಕು ಅನ್ನುವುದನ್ನು ಅವರ ಮಾತಿನಲ್ಲೇ ಹೇಳುವುದು, ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಅನ್ನುವ ಸಾಫ್ಟ್‌ವೇರ್ ಪದ್ಧತಿಯಿಂದ ಬಂದದ್ದು, 1990ರ ದಶಕದ ಕೊನೆಯಲ್ಲಿ. ಕಾರ್ಡ್ ಮೇಲೆ ಒಂದು ಸಾಲು ಬರೆಯುವುದು, ಅದರ ಸುತ್ತ ಮಾತಾಡುವುದು, ಕೊನೆಗೆ ಏನಾದರೆ ಮುಗಿದಂತೆ ಅಂತ ಖಚಿತ ಮಾಡಿಕೊಳ್ಳುವುದು. ಆ ಪದ್ಧತಿಯನ್ನು ಬೆಳೆಸಿದವರಲ್ಲೊಬ್ಬರಾದ ರಾನ್ ಜೆಫ್ರೀಸ್ 2001ರಲ್ಲಿ ಹೇಳಿದ ಈ ಮೂರರಲ್ಲಿ ಜೀವಾಳ ಇರುವುದು ಮಾತಿನಲ್ಲಿ. ಆದರೆ ಕಾರ್ಡ್‌ಗಳು ನೂರಾದ ಮೇಲೆ ಒಟ್ಟು ಚಿತ್ರ ಕಳೆದುಹೋಗುತ್ತದೆ. ಅದಕ್ಕೆ ಜೆಫ್ ಪ್ಯಾಟನ್ ಕಾರ್ಡ್‌ಗಳನ್ನು ಎರಡು ದಿಕ್ಕಿನಲ್ಲಿ ಜೋಡಿಸುವ ರೀತಿ ತಂದರು. 2005ರಿಂದ ಅವರು ಇದರ ಬಗ್ಗೆ ಬರೆಯುತ್ತಾ ಬಂದಿದ್ದಾರೆ.

ಎಡದಿಂದ ಬಲಕ್ಕೆ, ಬಳಸುವವರ ಕೆಲಸ ನಡೆಯುವ ಕ್ರಮ. ಇದಕ್ಕೆ ಬ್ಯಾಕ್‌ಬೋನ್ ಅನ್ನುತ್ತಾರೆ. ಪ್ರತಿ ಹೆಜ್ಜೆಯ ಕೆಳಗೆ ಅದನ್ನು ಮಾಡುವ ಬೇರೆ ಬೇರೆ ರೀತಿಗಳು, ವಿವರಗಳು. ತೀರಾ ಬೇಕಾದದ್ದು ಮೇಲೆ, ಇದ್ದರೆ ಚೆನ್ನ ಅನ್ನುವುದು ಕೆಳಗೆ. ಆಮೇಲೆ ಅಡ್ಡಕ್ಕೆ ಗೆರೆ ಎಳೆಯುವುದು. ಗೆರೆಯ ಮೇಲಿದ್ದದ್ದು ಮೊದಲ ರಿಲೀಸ್.

ಡಬ್ಬಿ ಆಪ್‌ನ ಬ್ಯಾಕ್‌ಬೋನ್ ಹೀಗಿರುತ್ತದೆ: ಗಿರಾಕಿ ಸೇರುವುದು, ಪ್ಲಾನ್ ಆರಿಸುವುದು, ಹಣ ಕೊಡುವುದು, ರಜೆ ಹೇಳುವುದು, ಅಡುಗೆಮನೆಗೆ ಲೆಕ್ಕ ಹೋಗುವುದು, ಡಬ್ಬಿ ಮುಟ್ಟುವುದು, ತಿಂಗಳ ಹಿಸಾಬು.

"ಅಡುಗೆಮನೆಗೆ ಲೆಕ್ಕ ಹೋಗುವುದು" ಅನ್ನುವ ಕಾರ್ಡ್ ಪಟ್ಟಿಯಲ್ಲಿ ಇರಲೇ ಇಲ್ಲ, ಗಮನಿಸಿದಿರಾ? ಕಥೆಯನ್ನು ಅಡ್ಡಕ್ಕೆ ಹೇಳುತ್ತಾ ಹೋದಾಗ ಒಂದು ಕಡೆ ಕೊಂಡಿ ತಪ್ಪುತ್ತದೆ. ಹುಡುಗ ರಜೆ ಹಾಕಿದ ಸರಿ, ಆಮೇಲೆ? ಆಗ ಮಾಲೀಕರು ಬಾಯಿ ಬಿಡುತ್ತಾರೆ: "ರಾತ್ರಿ ಮಲಗೋದ್ರೊಳಗೆ ನಾಳೆಗೆ ಎಷ್ಟು ರೊಟ್ಟಿ ಅಂತ ಗೊತ್ತಾಗ್ಬೇಕ್ರೀ. ರೊಟ್ಟಿ ಬಡಿಯೋರು ಬೆಳಿಗ್ಗೆ ಬರೋದ್ರೊಳಗೆ ಹಿಟ್ಟು ಅಳೆದು ಇಡಬೇಕು." ಅವರಿಗೆ ನಿಜವಾಗಿ ನಷ್ಟ ಆಗುತ್ತಿರುವುದು ಇಲ್ಲೇ. ಹಿಂಜವಡಿಯ ಹುಡುಗರಲ್ಲಿ ಸುಮಾರು ಜನ ಶುಕ್ರವಾರ ರಾತ್ರಿ ಬೆಳಗಾವಿ, ವಿಜಯಪುರ, ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ. ಬಸ್ಸಿನಲ್ಲಿ ಕೂತ ಮೇಲೆ "ಅಣ್ಣಾ ನಾಳೆ ಡಬ್ಬಿ ಬೇಡ" ಅಂತ ಮೆಸೇಜ್ ಹಾಕುತ್ತಾರೆ. ಅಷ್ಟು ಹೊತ್ತಿಗೆ ಮಾಲೀಕರು ಮಲಗಿರುತ್ತಾರೆ.

ಈಗ ಗೆರೆ ಎಲ್ಲಿ ಎಳೆಯಬೇಕು ಅಂತ ತಾನಾಗಿ ಗೊತ್ತಾಗುತ್ತದೆ. ಮೊದಲ ರಿಲೀಸ್‌ನಲ್ಲಿ ಗಿರಾಕಿಯನ್ನು ಮಾಲೀಕರೇ ಸೇರಿಸಲಿ, ಅವನ ಫೋನ್ ನಂಬರ್ ಹಾಕಿದರೆ ಸಾಕು. ಹಣ ಈಗ ನಡೆಯುವ ಹಾಗೆ ಯುಪಿಐನಲ್ಲೇ ಬರಲಿ, ಬಂದದ್ದಕ್ಕೆ ಆಪ್‌ನಲ್ಲಿ ಒಂದು ಟಿಕ್ ಮಾರ್ಕ್. ಪೇಮೆಂಟ್ ಗೇಟ್‌ವೇ ಕೆಳಗೆ ಹೋಯಿತು. ರೇಟಿಂಗ್, ಟ್ರ್ಯಾಕಿಂಗ್ ಇನ್ನೂ ಕೆಳಗೆ. ರಜೆ ಹಾಕುವುದಕ್ಕೆ ಒಂದು ಬಟನ್, ರಾತ್ರಿ ಇಷ್ಟು ಗಂಟೆಯೊಳಗೆ ಅನ್ನುವ ಗಡುವು, ಮಾಲೀಕರ ಫೋನಿಗೆ ನಾಳೆಯ ಒಟ್ಟು ಸಂಖ್ಯೆ, ತಿಂಗಳ ಕೊನೆಗೆ ಒಬ್ಬೊಬ್ಬರ ಲೆಕ್ಕ. ಇಷ್ಟಿದ್ದರೆ ಖಾನಾವಳಿಗೆ ಮೊದಲ ದಿನದಿಂದಲೇ ಉಪಯೋಗ. ಎಡದಿಂದ ಬಲದವರೆಗೆ ತೆಳ್ಳಗಿದ್ದರೂ ಪೂರ್ತಿ. ಚೌತಿಗೆ ನಾಲ್ಕೈದು ದಿನ ಒಟ್ಟಿಗೆ ರಜೆ ಹಾಕುವುದು ಎರಡನೇ ಗೆರೆಗೆ. ಆದರೆ ಹಬ್ಬ ಹತ್ತಿರ ಇದ್ದರೆ ಅದು ಮೇಲಕ್ಕೆ ಬರಬೇಕು. ಅದನ್ನು ಮಾಲೀಕರೇ ಹೇಳುತ್ತಾರೆ, ಯಾಕೆಂದರೆ ಮ್ಯಾಪ್ ಅವರಿಗೆ ಓದಲು ಬರುತ್ತದೆ.

ಇದು ಸ್ಟೋರಿ ಮ್ಯಾಪ್‌ನ ದೊಡ್ಡ ಗುಣ. ದುಡ್ಡು ಕಮ್ಮಿ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ. ಏನು ಮಾಡಬೇಕು ಅನ್ನುವುದಕ್ಕಿಂತ ಏನನ್ನು ಬಿಡಬಹುದು ಅನ್ನುವುದನ್ನು ಇದು ತೋರಿಸುತ್ತದೆ, ಅದೂ ಬಳಸುವವರ ಎದುರಿಗೇ.

ಈಗ ಕಷ್ಟಗಳು. ಮೊದಲನೆಯದು, ಸಮಯ. ಸರಿಯಾಗಿ ಮಾಡಲು ಅರ್ಧ ದಿನದಿಂದ ಎರಡು ದಿನ ಬೇಕು, ಅಷ್ಟು ಹೊತ್ತು ಕೆಲಸ ಬಲ್ಲವರು ಕೂರಬೇಕು. ಅವರಿಲ್ಲದೆ ಡೆವಲಪರ್‌ಗಳೇ ಮಾಡಿದ ಮ್ಯಾಪ್‌ಗೆ ಬೆಲೆ ಇಲ್ಲ, ಅದು ಎರಡು ದಿಕ್ಕಿನಲ್ಲಿ ಬರೆದ ಬ್ಯಾಕ್‌ಲಾಗ್. ಎರಡನೆಯದು, ಬಳಸುವವರ ಕಣ್ಣಿಗೆ ಕಾಣದ ಕೆಲಸ ಇದರಲ್ಲಿ ಕೂರುವುದಿಲ್ಲ. ಡೇಟಾಬೇಸ್ ಮೈಗ್ರೇಶನ್, ಸರ್ವರ್ ಅಪ್‌ಗ್ರೇಡ್, ಹಳೆ ಕೋಡ್ ಸರಿ ಮಾಡುವುದು, ಇವಕ್ಕೆ ಕಥೆ ಕಟ್ಟಲು ಹೋಗಬೇಡಿ. "ಒಬ್ಬ ಡೇಟಾಬೇಸ್ ಆಗಿ ನನಗೆ ಇಂಡೆಕ್ಸ್ ಬೇಕು" ಅಂತ ಕಾರ್ಡ್ ಬರೆಯುವುದರಿಂದ ಯಾರಿಗೂ ಉಪಕಾರ ಇಲ್ಲ. ಮೂರನೆಯದು, ಯಾವುದು ಮುಗಿಯದೆ ಯಾವುದು ಶುರುವಾಗುವುದಿಲ್ಲ ಅನ್ನುವ ಅವಲಂಬನೆ, ತಾರೀಖು, ಇವು ಮ್ಯಾಪ್‌ನಲ್ಲಿ ಕಾಣುವುದಿಲ್ಲ. ನಾಲ್ಕನೆಯದು, ಗೋಡೆಯ ಮೇಲಿನ ಮ್ಯಾಪ್ ಒಂದು ಹೇಳುತ್ತದೆ, ಜೀರಾ ಇನ್ನೊಂದು ಹೇಳುತ್ತದೆ. ಒಂದು ತಿಂಗಳು ಯಾರೂ ನೋಡದಿದ್ದರೆ ಮ್ಯಾಪ್ ಸತ್ತ ಹಾಗೆ.

ಈ ನಾಲ್ಕನೆಯದಕ್ಕೆ ನನ್ನ ಸಲಹೆ ಸರಳ. ಗೆರೆಯ ಮೇಲಿರುವ ಕಾರ್ಡ್‌ಗಳನ್ನು ಮಾತ್ರ ಟಿಕೆಟ್ ಮಾಡಿ. ಕೆಳಗಿನವು ಮ್ಯಾಪ್‌ನಲ್ಲೇ ಇರಲಿ. ಮುಂದಿನ ರಿಲೀಸ್ ಶುರುವಾಗುವಾಗ ಮತ್ತೆ ಎಲ್ಲರೂ ನಿಂತು ಗೆರೆ ಎಳೆಯಿರಿ. ಜೀರಾವೂ ಹಗುರ, ತಲೆಯೂ ಹಗುರ.

ಗ್ಯಾಂಟ್ ಚಾರ್ಟ್: ತಾರೀಖು ಕೇಳುವವರಿಗೆ

ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಬೆಳೆಸಿದ ಚಾರ್ಟ್ ಇದು. ಅಡ್ಡಕ್ಕೆ ಕಾಲ, ಪ್ರತಿ ಕೆಲಸಕ್ಕೊಂದು ಅಡ್ಡಪಟ್ಟಿ. ಸಣ್ಣ ಸಣ್ಣ ಹಂತಗಳಲ್ಲಿ ಕೆಲಸ ಮಾಡುವ ಆಜೈಲ್ ಮಂದಿ ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ಅದು ಸರಿಯಲ್ಲ. ಕ್ಲೈಂಟ್ ಜೊತೆ ಮೊತ್ತ ಮೊದಲೇ ನಿಗದಿಯಾದ ಫಿಕ್ಸೆಡ್ ಬಿಡ್ ಒಪ್ಪಂದ ಇದ್ದರೆ, ಬಿಲ್ ಮೈಲ್‌ಸ್ಟೋನ್ ಪ್ರಕಾರ ಹೋಗುತ್ತಿದ್ದರೆ, ಹಾರ್ಡ್‌ವೇರ್ ಬರುವ ದಿನಕ್ಕೆ, ಸರ್ಕಾರದ ಗಡುವಿಗೆ, ಬೇರೆ ಟೀಮ್‌ನ ಎಪಿಐಗೆ (ಅವರ ಸಾಫ್ಟ್‌ವೇರ್ ಜೊತೆ ನಿಮ್ಮದು ಮಾತಾಡುವ ದಾರಿಗೆ) ನಿಮ್ಮ ಕೆಲಸ ಕಟ್ಟಿಹಾಕಿದ್ದರೆ ಗ್ಯಾಂಟ್ ಬೇಕೇ ಬೇಕು. ಅವಲಂಬನೆಯನ್ನು ಇದರಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸುವುದಿಲ್ಲ.

ತೊಂದರೆ ಏನಂದರೆ, ಬೇಡಿಕೆ ಬದಲಾದಾಗಲೆಲ್ಲ ಅಡ್ಡಪಟ್ಟಿಗಳನ್ನು ಎಳೆದಾಡುವುದೇ ಒಬ್ಬರ ಪೂರ್ತಿ ಕೆಲಸವಾಗುತ್ತದೆ. ಇನ್ನೊಂದು, ಗ್ಯಾಂಟ್‌ನಲ್ಲಿ ಜನ ಸಾಮಾನ್ಯವಾಗಿ ಡೇಟಾಬೇಸ್ ಒಂದು ತಿಂಗಳು, ಬ್ಯಾಕ್‌ಎಂಡ್ ಎರಡು ತಿಂಗಳು, ಸ್ಕ್ರೀನ್‌ಗಳು ಆಮೇಲೆ ಅಂತ ಪದರ ಪದರವಾಗಿ ಹಾಕುತ್ತಾರೆ. ಕೊನೆಯ ತಿಂಗಳವರೆಗೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಹಿಂಜವಡಿಯ ಸರ್ವಿಸ್ ಪ್ರಾಜೆಕ್ಟ್‌ನವರಿಗೆ ನಾನು ಹೇಳುವುದು ಇಷ್ಟು: ಎರಡರಲ್ಲಿ ಒಂದು ಅಂತ ಜಗಳ ಆಡಬೇಡಿ. ಮೊದಲು ಸ್ಟೋರಿ ಮ್ಯಾಪ್ ಮಾಡಿ ಗೆರೆ ಎಳೆಯಿರಿ. ಆ ಒಂದೊಂದು ಗೆರೆಯನ್ನೇ ಗ್ಯಾಂಟ್‌ನಲ್ಲಿ ಒಂದೊಂದು ಮೈಲ್‌ಸ್ಟೋನ್ ಆಗಿ ಕೊಡಿ. ಕ್ಲೈಂಟ್‌ಗೆ ತಾರೀಖು ಸಿಕ್ಕಿತು. ನಿಮಗೆ, ಪ್ರತಿ ತಾರೀಖಿಗೂ ಓಡುವ ಸಾಫ್ಟ್‌ವೇರ್ ತೋರಿಸುವ ಅವಕಾಶ ಸಿಕ್ಕಿತು.

ಕಾನ್ಬಾನ್, ಮತ್ತೆ ಇನ್ನೆರಡು

ಕಾನ್ಬಾನ್ ಬೋರ್ಡ್ ಪ್ಲಾನಿಂಗ್‌ಗಿಂತ ಹೆಚ್ಚಾಗಿ ಕೆಲಸದ ಹರಿವನ್ನು ನೋಡಿಕೊಳ್ಳುವ ಸಾಧನ. ಮಾಡಬೇಕು, ಮಾಡುತ್ತಿದ್ದೇವೆ, ಮುಗಿಯಿತು. ಮಧ್ಯದ ಕಾಲಮ್‌ನಲ್ಲಿ ಇಷ್ಟಕ್ಕಿಂತ ಜಾಸ್ತಿ ಕಾರ್ಡ್ ಇರಬಾರದು ಅನ್ನುವ ಮಿತಿ ಇದರ ಜೀವ. ಆ ಮಿತಿ ಇಲ್ಲದಿದ್ದರೆ ಅದು ಬರೀ ಅಂದದ ಪಟ್ಟಿ. ಖರಾಡಿಯಲ್ಲಿ ಸಪೋರ್ಟ್ ಟೀಮ್‌ನಲ್ಲಿದ್ದೀರಾ, ದಿನಾ ಬಗ್ ಬರುತ್ತವೆ, ನಾಳೆ ಏನು ಬರುತ್ತದೆ ಗೊತ್ತಿಲ್ಲ ಅಂದರೆ ಇದನ್ನೇ ಹಿಡಿಯಿರಿ. ಸ್ಟೋರಿ ಮ್ಯಾಪ್ ನಿಮಗೆ ಬೇಡ.

ಇಂಪ್ಯಾಕ್ಟ್ ಮ್ಯಾಪಿಂಗ್, ಗೋಯ್ಕೊ ಅಡ್ಜಿಕ್ ಹರಡಿದ್ದು, ಸ್ಟೋರಿ ಮ್ಯಾಪ್‌ಗಿಂತ ಒಂದು ಹೆಜ್ಜೆ ಹಿಂದೆ ನಿಲ್ಲುತ್ತದೆ. ಗುರಿ ಏನು, ಯಾರ ನಡವಳಿಕೆ ಬದಲಾದರೆ ಅದು ಸಿಗುತ್ತದೆ, ಅದಕ್ಕೆ ನಾವು ಏನು ಕೊಡಬಹುದು. ಖಾನಾವಳಿಯ ಗುರಿ "ಉಳಿದು ಹಾಳಾಗುವ ರೊಟ್ಟಿ ಕಮ್ಮಿ ಮಾಡುವುದು" ಅಂತ ಇಟ್ಟುಕೊಂಡರೆ ಆಪ್ ಬೇಡವೇ ಬೇಡ, ವಾಟ್ಸಾಪ್ ಗ್ರೂಪ್‌ನಲ್ಲಿ ದಿನಾ ಸಂಜೆ ಒಂದು ಪೋಲ್ ಹಾಕಿದರೆ ಸಾಕು ಅನ್ನುವ ಉತ್ತರವೂ ಬರಬಹುದು. ಪ್ರಾಜೆಕ್ಟ್ ಬೇಕಾ ಅನ್ನುವುದೇ ಅನುಮಾನ ಇದ್ದಾಗ ಇದನ್ನು ಮೊದಲು ಮಾಡಿ. ಬಿಸಿನೆಸ್ ನಿಯಮಗಳೇ ಗೋಜಲಾಗಿದ್ದರೆ, ಅಂದರೆ ಇನ್ಶೂರೆನ್ಸ್, ಬ್ಯಾಂಕಿಂಗ್ ಅಂಥ ಕಡೆ, ಆಲ್ಬರ್ಟೋ ಬ್ರಾಂಡೊಲಿನಿಯ ಇವೆಂಟ್ ಸ್ಟಾರ್ಮಿಂಗ್, ಅಂದರೆ ವ್ಯವಹಾರದಲ್ಲಿ ನಡೆಯುವ ಘಟನೆಗಳನ್ನು ಎಲ್ಲರೂ ಸೇರಿ ಕ್ರಮವಾಗಿ ಜೋಡಿಸುವ ರೀತಿ, ಹೆಚ್ಚು ಒದಗುತ್ತದೆ.

ಗೋಡೆಯಾ, ಸ್ಕ್ರೀನಾ?

ಸ್ಟೋರಿ ಮ್ಯಾಪ್ ಅಂತ ನಿರ್ಧರಿಸಿದವರಿಗೆ ಮುಂದಿನ ಪ್ರಶ್ನೆ ಇದು. ಎಲ್ಲರೂ ಪುಣೆಯಲ್ಲೇ ಇದ್ದರೆ ನಾನು ಕಣ್ಣು ಮುಚ್ಚಿ ಗೋಡೆ ಅನ್ನುತ್ತೇನೆ. ಅಪ್ಪಾ ಬಳವಂತ ಚೌಕದ ಸ್ಟೇಷನರಿ ಅಂಗಡಿಗಳಲ್ಲಿ ಮೂರು ಬಣ್ಣದ ಸ್ಟಿಕಿ ನೋಟ್, ದಪ್ಪ ಮಾರ್ಕರ್, ಬ್ರೌನ್ ಪೇಪರ್ ರೋಲ್ ಸಿಗುತ್ತವೆ. ಯಾವ ಸಬ್‌ಸ್ಕ್ರಿಪ್ಶನ್‌ಗಿಂತಲೂ ಅಗ್ಗ. ಒಂದು ಬಣ್ಣ ಬ್ಯಾಕ್‌ಬೋನ್‌ಗೆ, ಒಂದು ವಿವರಕ್ಕೆ, ಒಂದು ಉತ್ತರ ಸಿಗದ ಪ್ರಶ್ನೆಗಳಿಗೆ. ನೋಟನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಕೀಳಬೇಡಿ, ಸುರುಳಿ ಸುತ್ತಿ ಬೀಳುತ್ತದೆ. ಪಕ್ಕದಿಂದ ಬಿಡಿಸಿ. ಪುಣೆಯ ಮಳೆಗಾಲದಲ್ಲಿ ಗೋಡೆ ತೇವ ಹಿಡಿದರೆ ನೋಟ್ ನಿಲ್ಲುವುದಿಲ್ಲ, ಅದಕ್ಕೇ ಬ್ರೌನ್ ಪೇಪರ್. ಮುಗಿದ ಮೇಲೆ ಟೇಪ್ ಹಚ್ಚಿ ಸುತ್ತಿಕೊಂಡು ಹೋಗಬಹುದು. ಕಾರ್ಡ್ ಮೇಲೆ ಮಾಲೀಕರು ಆಡಿದ ಮಾತನ್ನೇ ಬರೆಯಿರಿ, ಕನ್ನಡವೋ ಮರಾಠಿಯೋ. "ಡಬ್ಬಿ ಬೇಡ" ಅಂತ ಬರೆದ ಕಾರ್ಡನ್ನು ಅವರು ತಾವೇ ಎತ್ತಿ ಮೇಲಿಡುತ್ತಾರೆ. "ಸ್ಕಿಪ್ ಮೀಲ್ ಫಂಕ್ಷನಾಲಿಟಿ" ಅಂತ ಬರೆದರೆ ಮುಟ್ಟುವುದಿಲ್ಲ.

ಟೀಮ್ ಬೇರೆ ಬೇರೆ ಊರಲ್ಲಿದ್ದರೆ ಆನ್‌ಲೈನ್ ಬೋರ್ಡ್ ಬಿಟ್ಟು ದಾರಿಯಿಲ್ಲ. ಮಿರೋದ ಉಚಿತ ಪ್ಲಾನ್‌ನಲ್ಲಿ ಒಂದು ಸಣ್ಣ ಪ್ರಾಜೆಕ್ಟ್ ನಡೆಯುತ್ತದೆ, ಬೋರ್ಡ್‌ಗಳ ಸಂಖ್ಯೆಗೆ ಮಾತ್ರ ಮಿತಿ ಇದೆ. ಎಕ್ಸ್‌ಕ್ಯಾಲಿಡ್ರಾ ಓಪನ್ ಸೋರ್ಸ್. ಎರಡರಲ್ಲೂ ಜೀರಾ ಜೊತೆ ಹೊಂದಿಸುವ ಕೆಲಸವನ್ನು ಉಚಿತದಲ್ಲಿ ಕೈಯಿಂದಲೇ ಮಾಡಬೇಕಾಗುತ್ತದೆ ಅಂತ ಇಟ್ಟುಕೊಂಡೇ ಹೊರಡಿ. ಜೀರಾ ಒಳಗೇ ಮ್ಯಾಪ್ ಬೇಕು ಅಂದರೆ ಮಾರ್ಕೆಟ್‌ಪ್ಲೇಸ್‌ನ ಆಪ್ ಕೊಳ್ಳಬೇಕು. ಇಲ್ಲಿ ಒಂದು ಹುಷಾರು: ಆ ಆಪ್‌ಗಳ ಬಿಲ್ ನಿಮ್ಮ ಜೀರಾದಲ್ಲಿರುವ ಒಟ್ಟು ಬಳಕೆದಾರರ ಲೆಕ್ಕದಲ್ಲಿ ಬರುತ್ತದೆ. ಮ್ಯಾಪ್ ಮುಟ್ಟುವವರು ಐದೇ ಜನ, ಜೀರಾದಲ್ಲಿ ಎಂಬತ್ತು ಜನ ಇದ್ದರೆ ಎಂಬತ್ತಕ್ಕೂ ಕೊಡಬೇಕು. ಕೊಳ್ಳುವ ಮೊದಲು ಟ್ರಯಲ್‌ನಲ್ಲಿ ಒಂದು ರಿಲೀಸ್ ಓಡಿಸಿ ನೋಡಿ.

ಹಾಗಾದರೆ ಯಾರಿಗೆ ಯಾವುದು

ಇಬ್ಬರೇ ಇದ್ದೀರಾ, ಗಿರಾಕಿ ಹೊಸಬರಾ? ಒಂದು ಮಧ್ಯಾಹ್ನ ಅವರ ಅಂಗಡಿಯಲ್ಲೇ ಕೂತು ಕಾಗದದ ಮ್ಯಾಪ್ ಮಾಡಿ, ಗೆರೆಯ ಮೇಲಿನದ್ದನ್ನು ಗೂಗಲ್ ಶೀಟ್‌ಗೆ ಹಾಕಿ. ಕೊಟೇಶನ್ ಅನ್ನೂ ಗೆರೆಗೊಂದು ಕೊಡಿ. "ಪೂರ್ತಿ ಆಪ್‌ಗೆ ಎಷ್ಟು" ಅನ್ನುವ ಚೌಕಾಸಿಯಿಂದ ಪಾರಾಗುತ್ತೀರಿ. ಬಾಣೇರ್‌ನ ಸ್ಟಾರ್ಟಪ್‌ನವರು ಮೊದಲು ಒಂದೆರಡು ಗಂಟೆ ಇಂಪ್ಯಾಕ್ಟ್ ಮ್ಯಾಪ್, ಆಮೇಲೆ ಸ್ಟೋರಿ ಮ್ಯಾಪ್. ಮೂರು ತಿಂಗಳ ದುಡ್ಡಿನಲ್ಲಿ ತಪ್ಪು ಪ್ರಾಡಕ್ಟ್ ಕಟ್ಟುವ ಹಾಗಿಲ್ಲ. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರಿಗೆ ಗೈಡ್ ಗ್ಯಾಂಟ್ ಕೇಳಿಯೇ ಕೇಳುತ್ತಾರೆ. ಕೊಡಿ, ಆದರೆ ಮೊದಲ ಮೈಲ್‌ಸ್ಟೋನ್‌ಗೆ ಮ್ಯಾಪ್‌ನ ತೆಳ್ಳಗಿನ ಮೊದಲ ಗೆರೆಯನ್ನೇ ಇಡಿ. ಹಳೆಯ ಪ್ರಾಡಕ್ಟ್ ನಡೆಸುವವರು ಬ್ಯಾಕ್‌ಲಾಗ್ ಮತ್ತು ಕಾನ್ಬಾನ್‌ನಲ್ಲೇ ಆರಾಮಾಗಿರಿ. ದೊಡ್ಡ ಹೊಸ ಫೀಚರ್ ಬಂದಾಗ ಅದೊಂದಕ್ಕೆ ಮಾತ್ರ ಮ್ಯಾಪ್ ಮಾಡಿ.

ಇಷ್ಟಾದರೂ ತೀರ್ಮಾನ ಆಗದಿದ್ದರೆ ಎರಡು ಗಂಟೆಯ ಪರೀಕ್ಷೆ ಇದೆ. ನಿಮ್ಮ ಬ್ಯಾಕ್‌ಲಾಗ್‌ನಿಂದ ಒಂದು ಫೀಚರ್ ಆರಿಸಿ. ಅದನ್ನು ನಿಜವಾಗಿ ಬಳಸುವ ಒಬ್ಬರನ್ನು ಕರೆದು ಮೇಜಿನ ಮೇಲೆ ಮ್ಯಾಪ್ ಮಾಡಿ. ಪಟ್ಟಿಯಲ್ಲಿ ಇಲ್ಲದ ಕಾರ್ಡ್ ಒಂದಾದರೂ ಹುಟ್ಟಿತಾ? ಮಸ್ಟ್ ಅಂದುಕೊಂಡಿದ್ದ ಕಾರ್ಡ್ ಒಂದಾದರೂ ಗೆರೆಯ ಕೆಳಗೆ ಹೋಯಿತಾ? ಎರಡೂ ಆದರೆ ಪೂರ್ತಿ ಪ್ರಾಜೆಕ್ಟ್‌ಗೆ ಮ್ಯಾಪ್ ಮಾಡುವುದಕ್ಕೆ ಮುಂದಿನ ವಾರದ ಒಂದು ದಿನ ಎತ್ತಿಡಿ. ಎರಡೂ ಆಗದಿದ್ದರೆ ನಿಮ್ಮ ಟೀಮ್‌ಗೆ ಆ ಕೆಲಸ ಆಗಲೇ ಚೆನ್ನಾಗಿ ಗೊತ್ತಿದೆ, ಬ್ಯಾಕ್‌ಲಾಗ್‌ನಲ್ಲೇ ಮುಂದುವರಿಯಿರಿ.